ಪಂಢರೀನಾಥರ ಕೊಪ್ಪರಿಗೆ ಒಪ್ಪಂದ

ಜಗತ್ತು ತಮ್ಮ ಮಾತು ಕೇಳುವುದಿಲ್ಲ ಎಂಬುದು ಪಂಢರೀನಾಥರ ದೊಡ್ಡ ದೂರು. ಮಸ್ಕತ್ತಿನ ಒಂದು ಕಟ್ಟಡ ಕಂಪನಿಯಲ್ಲಿ ಹದಿನೆಂಟು ವರ್ಷದಿಂದ ನಕ್ಷೆ ಬರೆಯುತ್ತಿದ್ದ ಈ ಬಾಗಲಕೋಟೆಯ ಮನುಷ್ಯ ದಿನಾ ಸಂಜೆ ತಮ್ಮ ಫೇಸ್‌ಬುಕ್ ಪುಟದಲ್ಲಿ ಮೂರು ಸಂಗತಿ ಹಾಕುತ್ತಿದ್ದರು. ಇಂಟರ್‌ನೆಟ್ಟಿನಲ್ಲಿ ಅಂದು ಕಂಡ ಒಂದು ಸೋಜಿಗ, ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೇ ಊರಿನ ಒಂದು ತುಣುಕು ಇತಿಹಾಸ, ಮತ್ತು ಯುದ್ಧ ಯಾಕೆ ಕೂಡದು ಎಂಬುದಕ್ಕೆ ಒಂದು ಕಾರಣ. (ಕಾರಣಗಳು ಆರುನೂರು ದಾಟಿದ್ದವು. ಯುದ್ಧಗಳೂ ಏನು ಹಿಂದೆ ಬಿದ್ದಿರಲಿಲ್ಲ.) ಓದುವವರು ಒಟ್ಟು ನಲವತ್ತೊಂದು ಮಂದಿ. ಅವರಲ್ಲಿ ಮಗಳು ವರದಾ ಒಬ್ಬಳು, ಅವಳೂ ಓದದೆಯೇ ಲೈಕ್ ಒತ್ತಿ ಪಿತೃಋಣ ತೀರಿಸುತ್ತಿದ್ದಳು.

ಹೆಂಡತಿ ಲೀಲಾಬಾಯಿಗೆ ಈ ವಿಶ್ವಶಾಂತಿಯ ಮೇಲೆ ಎಳ್ಳಷ್ಟೂ ಭಕ್ತಿ ಇರಲಿಲ್ಲ.

"ಅಲ್ರೀ, ಯಾವ್ಯಾವ್ದೋ ದೇಶದ ಗಡಿ ಬಗ್ಗೆ ಬರೀತೀರಿ. ನಮ್ಮ ಕಂಪೌಂಡ ಗ್ವಾಡಿ ಬಗ್ಗೆ ಯಾವಾಗ ಬರೀತೀರಿ?" ಎನ್ನುತ್ತಿದ್ದರು.

ಆ ಗೋಡೆ, ಊರು ಮುಳುಗಿದವರಿಗಾಗಿ ಕಟ್ಟಿದ ನವನಗರದಲ್ಲಿತ್ತು. ಅದರ ಈಚೆ ಪಂಢರೀನಾಥರ ಮನೆ, ಆಚೆ ಶಂಕ್ರಪ್ಪ ಮಾಸ್ತರರ ಮನೆ. ಹಳೇ ಊರಿನ ಕಲ್ಲಬಾವಿ ಓಣಿಯಲ್ಲಿ ಮೂರು ತಲೆಮಾರು ಮಗ್ಗುಲಲ್ಲೇ ಬಾಳಿದ ಎರಡು ಮನೆತನಗಳು ಊರು ಬಿಡುವಾಗಲೂ ಕೂಡಿಯೇ ಬಿಡೋಣ ಎಂದು ಒಂದೇ ಟ್ರ್ಯಾಕ್ಟರಿನಲ್ಲಿ ಸಾಮಾನು ಹೇರಿಕೊಂಡು ಬಂದಿದ್ದವು. ತಪ್ಪಾದದ್ದು ಅಲ್ಲೇ. ಸಾಮಾನು ಇಳಿಸುವಾಗ, ನೂರು ಮಂದಿಗೆ ಅಡುಗೆಯಾಗುವಂಥ ಒಂದು ತಾಮ್ರದ ಕೊಪ್ಪರಿಗೆ ಮಾಸ್ತರರ ಅಂಗಳದಲ್ಲಿ ಇಳಿಯಿತು. "ಅದು ನಮ್ಮತ್ತಿಯವರದು" ಎಂದರು ಲೀಲಾಬಾಯಿ. "ಅಲ್ಲ, ನಮ್ಮತ್ತಿಯವರದು" ಎಂದರು ಮಾಸ್ತರರ ಹೆಂಡತಿ ಇಂದ್ರಾಬಾಯಿ. ಅತ್ತೆಯರಲ್ಲಿ ಒಬ್ಬರು ವೈಕುಂಠಕ್ಕೂ ಒಬ್ಬರು ಕೈಲಾಸಕ್ಕೂ ಆಗಲೇ ತೆರಳಿದ್ದರಿಂದ ಸಾಕ್ಷಿ ಹೇಳುವವರಿರಲಿಲ್ಲ. ಅಂದು ನಿಂತ ಮಾತು ಇಪ್ಪತ್ತು ವರ್ಷವಾದರೂ ಶುರುವಾಗಿರಲಿಲ್ಲ.

ಹಾಗಂತ ಸಂಬಂಧ ಹರಿದಿತ್ತೆಂದು ತಿಳಿಯಬೇಡಿ. ಗಂಡ ಹೆಂಡಿರು ಮಸ್ಕತ್ತಿನಲ್ಲಿರುವ ಹನ್ನೊಂದು ತಿಂಗಳೂ ಅವರ ಮನೆಯ ಕೀಲಿಕೈ ಇಂದ್ರಾಬಾಯಿಯ ಹತ್ತಿರವೇ ಇರುತ್ತಿತ್ತು. ದಿನಾ ಆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವವರೂ ಅವರೇ. ಲೀಲಾಬಾಯಿ ರಜೆಗೆ ಬಂದ ದಿನ ಕೀಲಿಕೈ ಗೋಡೆಯ ಮೇಲಿರುತ್ತಿತ್ತು. ಹೊರಡುವ ದಿನ ಅದೇ ಗೋಡೆಯ ಮೇಲೆ ಕೀಲಿಕೈಯ ಜೊತೆ ಎರಡು ಕಿಲೋ ಖರ್ಜೂರ ಇರುತ್ತಿತ್ತು. ಜಗಳ ಬ್ಯಾರೆ, ಮನಿ ಬ್ಯಾರೆ ಎಂಬುದು ಇಬ್ಬರೂ ಒಬ್ಬರಿಗೊಬ್ಬರು ಹೇಳದೆಯೇ ಪಾಲಿಸಿಕೊಂಡು ಬಂದ ಶಾಸ್ತ್ರ.

ಇದರಲ್ಲಿ ನಿಜವಾಗಿ ಸೊರಗಿದವರು ಗಂಡಂದಿರು. ಪಂಢರಿ, ಶಂಕ್ರ್ಯಾ ಎಂದು ಒಂದೇ ಪಾಟಿಯ ಮೇಲೆ ಅಕ್ಷರ ತಿದ್ದಿದ ಗೆಳೆಯರು ಈಗ ಅರವತ್ತರ ಹತ್ತಿರ ಬಂದರೂ ಕದ್ದು ಭೇಟಿಯಾಗಬೇಕಿತ್ತು. ಬರುವ ದೀಪಾವಳಿಗೆ ಮಸ್ಕತ್ತಿನ ನೌಕರಿ ಮುಗಿಯುತ್ತಿತ್ತು. ಆಮೇಲೆ ದಿನಾ ಸಂಜೆ ಶಂಕ್ರಪ್ಪನ ಮನೆಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತು, ಚಹಾ ಕುಡಿಯುತ್ತ, ಹಳೇ ಊರಿನ ಮಾತಾಡುತ್ತ ಉಳಿದ ಆಯುಷ್ಯ ಕಳೆಯಬೇಕು. ಪಂಢರೀನಾಥರಿಗೆ ಬೇರೆ ಆಸೆಯೇ ಇರಲಿಲ್ಲ. ಅದೊಂದು ಇಲ್ಲದಿದ್ದರೆ ನವನಗರವೂ ಅವರಿಗೆ ಪರದೇಶವೇ.

ಆ ವರ್ಷದ ರಜೆಗೆ ನವನಗರಕ್ಕೆ ಬಂದಿದ್ದಾಗ, ಯುಗಾದಿ ಹತ್ತು ದಿನವಿದೆ ಎನ್ನುವ ಒಂದು ಭಾನುವಾರ ಬೆಳಿಗ್ಗೆ, ಇಂಟರ್‌ನೆಟ್ಟು ಅವರಿಗೆ ಒಲಿಯಿತು. ಇಳಕಲ್ಲಿನ ಶಿಕ್ಷಕಿ ತಬಸುಮ ಎಂಬಾಕೆ ತನ್ನ ಅಜ್ಜನ ಟ್ರಂಕಿನಲ್ಲಿ ಸಿಕ್ಕ ಹಳೇ ಫೋಟೋಗಳನ್ನೆಲ್ಲ ಫೇಸ್‌ಬುಕ್ಕಿಗೆ ಹಾಕಿದ್ದಳು. ಅಜ್ಜ ಅಹ್ಮದಸಾಬ ಇಡೀ ಕಲ್ಲಬಾವಿ ಓಣಿಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಒಂದು ಫೋಟೋದಲ್ಲಿ ಓಣಿಯ ಜನ, ನಡುವೆ ಅದೇ ಕೊಪ್ಪರಿಗೆ. ಅದರ ಕಂಠದ ಮೇಲೆ ಕೈಯಿಟ್ಟು ಮೀಸೆ ತಿರುವಿ ನಿಂತವರು ಪಂಢರೀನಾಥರ ಖಾಸಾ ಅಜ್ಜ.

ಹಿಗ್ಗಿನಿಂದ ಕುಣಿಯುವಷ್ಟರಲ್ಲಿ ಇನ್ನೊಂದು ಬದಿ ಕಣ್ಣಿಗೆ ಬಿತ್ತು. ಅಲ್ಲಿ ಶಂಕ್ರಪ್ಪನ ಅಜ್ಜನೂ ಅಷ್ಟೇ ಹಕ್ಕಿನಿಂದ ಕೈಯಿಟ್ಟು ನಿಂತಿದ್ದ.

ಈಗ ಪಂಢರೀನಾಥರ ತಲೆಯಲ್ಲಿ ರಾಜನೀತಿ ಹೊಕ್ಕಿತು. ಇಬ್ಬರದೂ ಎಂದರೆ ಜಗಳ ಮುಗಿಯುವುದಿಲ್ಲ. ಒಬ್ಬರದೇ ಎಂದು ಸಾಬೀತಾಗಬೇಕು, ಆ ಒಬ್ಬರು ದೊಡ್ಡ ಮನಸ್ಸು ಮಾಡಿ ಇನ್ನೊಬ್ಬರಿಗೆ ದಾನ ಕೊಡಬೇಕು. ಆಗ ಶಾಂತಿಯೂ ಆಯಿತು, ಲೀಲಾಳ ಮಾನವೂ ಉಳಿಯಿತು. ಹೀಗೆಂದು ಸಮಾಧಾನ ಮಾಡಿಕೊಂಡ ಆ ಶಾಂತಿದೂತ, ಮೂರು ತಲೆಮಾರಿನ ನೆರೆಯವನನ್ನು ಫೋಟೋದಿಂದ ಕತ್ತರಿಸಿ ಹಾಕಿದರು. 'ಕೊಪ್ಪರಿಗೆಯ ಐತಿಹಾಸಿಕ ಸತ್ಯ' ಎಂದು ತಲೆಬರಹ ಕೊಟ್ಟು, ತಬಸುಮಳ ಹೆಸರೂ ಹಾಕಿ, ಓಣಿಯವರೆಲ್ಲ ನೋಡಿ ಅಭಿಪ್ರಾಯ ತಿಳಿಸಬೇಕೆಂದು ಕೋರಿ, ನಾಲ್ಕು ಗಂಟೆಗೆ ಪುಟಕ್ಕೆ ಏರಿಸಿದರು. ಐದಕ್ಕೆ ಮಾಸ್ತರರ ಕಟ್ಟೆಯ ಮೇಲೆ ಶಾಂತಿಸಭೆ.

ಸಾಕ್ಷಿ ಬಂದಿದೆ ಎಂದ ಮೇಲೆ ಹಿಂಜರಿದರೆ ಸೋತಂತೆ. ಆದ್ದರಿಂದ ಹೆಂಗಸರಿಬ್ಬರೂ ಬಂದರು. ಶಂಕ್ರಪ್ಪ ಮಿರ್ಚಿಭಜಿ ತರಿಸಿದ್ದರು. ಲೀಲಾಬಾಯಿ ಕಟ್ಟೆಯ ಈ ತುದಿಗೆ, ಇಂದ್ರಾಬಾಯಿ ಆ ತುದಿಗೆ ಕೂತರು. ಪಂಢರೀನಾಥರು ಗಂಟಲು ಸರಿಮಾಡಿಕೊಂಡು, ಆರುನೂರಾ ಹನ್ನೆರಡನೆಯ ಕಾರಣದಿಂದ ಶುರುಮಾಡಿದರು.

"ಯುದ್ಧ ಅಂದ್ರ..."

"ಫೋಟೋ ತೋರಸ್ರಿ" ಎಂದರು ಇಬ್ಬರೂ.

ಫೋನು ಕೈಯಿಂದ ಕೈಗೆ ಹೋಯಿತು. ಲೀಲಾಬಾಯಿಯ ಮುಖ ಬೆಳಗಿತು. ಇಂದ್ರಾಬಾಯಿ ಚಾಳೀಸು ಮೂಗಿಗೆ ಏರಿಸಿ, ಚಿತ್ರವನ್ನು ಬೆರಳಿನಿಂದ ಅಗಲಿಸಿ, ನಿಧಾನ ನೋಡಿ ಕೇಳಿದರು:

"ಪಂಢರಣ್ಣ, ನಿಮ್ಮ ಅಜ್ಜಾರಿಗೆ ಎಷ್ಟು ಕೈ ಇದ್ವು?"

"ಎರಡ ಇದ್ವಲ್ರೀ, ಯಾಕ?"

"ಒಂದು ಮೀಸಿ ಮ್ಯಾಲ ಐತಿ. ಒಂದು ಕೊಪ್ಪರಿಗಿ ಮ್ಯಾಲ ಐತಿ. ಮತ್ತ ಈ ಕಡಿ ಅಂಚಿಗೆ ನಾಕು ಬೆರಳು ಅದಾವಲ್ಲ, ಇವು ಯಾರವು?"

ನಕ್ಷೆ ಬರೆಯುವುದರಲ್ಲಿ ಹದಿನೆಂಟು ವರ್ಷ ಪಳಗಿದ ಕೈ ನಾಲ್ಕು ಬೆರಳು ಕತ್ತರಿಸುವುದನ್ನು ಮರೆತಿತ್ತು. ಪಂಢರೀನಾಥರು ಭಜಿಯ ತಟ್ಟೆಯಲ್ಲಿ ಏನೋ ಕಳೆದುಕೊಂಡವರಂತೆ ತಲೆ ತಗ್ಗಿಸಿದರು. ಶಂಕ್ರಪ್ಪ ಗೆಳೆಯನನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

ಅಷ್ಟರಲ್ಲಿ ಫೋನು ಟಣ್ ಟಣ್ ಎನ್ನತೊಡಗಿತು. ಶಂಕ್ರಪ್ಪ ತೆಗೆದುಕೊಂಡು ನೋಡಿದರು. "ತಬಸುಮ ಅಂತ. ಪೂರಾ ಫೋಟೋ ಹಾಕ್ಯಾಳ. ಅದರ ಬೆನ್ನಿಗೆ ಬರದದ್ದೂ ಹಾಕ್ಯಾಳ. ತಡೀರಿ, ಓದ್ತೇನಿ" ಎಂದು ಶಾಲೆಯ ದನಿಯಲ್ಲಿ ಓದಿದರು: "'ಇದು ಓಣಿಯ ಕೊಪ್ಪರಿಗೆ, ಯಾರೊಬ್ಬರ ಸ್ವಂತದ್ದಲ್ಲ. ಇದು ಯಾರ ಮನೆಯಲ್ಲಿ ಇರುವುದೋ ಅವರು ವರ್ಷಕ್ಕೊಮ್ಮೆ, ಯುಗಾದಿಯ ಮರುದಿನ, ಇಡೀ ಓಣಿಗೆ ಗೋಧಿಹುಗ್ಗಿ ಉಣಿಸತಕ್ಕದ್ದು. ತಪ್ಪಿದ ವರ್ಷದ ಊಟ ಮುಂದಿನ ವರ್ಷಕ್ಕೆ ಕೂಡತಕ್ಕದ್ದು.' ಕೆಳಗ ಇಬ್ಬರೂ ಅಜ್ಜಾರ ಸಹಿ ಅದಾವ."

ಕಟ್ಟೆಯ ಮೇಲೆ ಯಾರೂ ಭಜಿ ಕಡಿಯಲಿಲ್ಲ. ಫೋನು ಮಾತ್ರ ಟಣ್ ಎನ್ನುತ್ತಲೇ ಇತ್ತು. ಕೆರೂರಿನ ಗಾಳೆಪ್ಪ ಬರೆದಿದ್ದ: 'ಇಪ್ಪತ್ತು ಊಟ ಬಾಕಿ. ನಾವು ಮನಿಮಂದಿ ಹನ್ನೆರಡು ಜನ ಬರ್ತೇವಿ.' ಹುನಗುಂದದ ಶಾರವ್ವನ ಪ್ರಶ್ನೆ: 'ತುಪ್ಪ ಮನ್ಯಾಗ ಕಾಸಿದ್ದೋ, ಅಂಗಡೀದೋ?' ಊರು ಮುಳುಗಿದಾಗ ದಿಕ್ಕಾಪಾಲಾದ ಓಣಿ ಪೂರ್ತಿ ಪಂಢರೀನಾಥರ ಪುಟದಲ್ಲಿ ಬಂದು ಪಂಕ್ತಿ ಹಾಕಿ ಕೂತಿತ್ತು.

ಆಗ ಇಂದ್ರಾಬಾಯಿ ಲೀಲಾಬಾಯಿಯ ಕಡೆ ತಿರುಗಿದರು.

"ವೈನಿ, ನಾ ಅಂದದ್ದ ತಪ್ಪು. ಆ ಕೊಪ್ಪರಿಗಿ ನಿಮ್ದ. ಇವತ್ತ ಕಳಿಸಿಕೊಡ್ತೇನಿ."

"ಛೇ ಛೇ, ಹಂಗ್ಯಾಂಗಾಗ್ತದ್ರೀ ಇಂದ್ರಕ್ಕ. ಇಪ್ಪತ್ತು ವರ್ಷ ತಿಕ್ಕಿ ತೊಳದು ಜ್ವಾಪಾನ ಮಾಡೀರಿ. ನಿಮ್ಮನ್ಯಾಗ ಇರ್ಲಿ."

"ಬ್ಯಾಡ್ರೀ ವೈನಿ, ನಿಮ್ಮತ್ತಿಯವರ ಆತ್ಮ ನೊಂದ್ಕೊಳ್ತದ."

"ಇಲ್ರೀ, ನಮ್ಮತ್ತಿಯವರು ಭಾಳ ಉದಾರಿ ಇದ್ರು."

ಪಂಢರೀನಾಥರಿಗೆ ಕಣ್ಣು ತುಂಬಿ ಬಂತು. ಇಪ್ಪತ್ತು ವರ್ಷದ ಮೇಲೆ ಮಾತು! ಸುಮ್ಮನಿದ್ದಿದ್ದರೆ ಬದುಕುತ್ತಿದ್ದರು. ಸುಮ್ಮನಿರಲಿಲ್ಲ.

"ನೋಡಿದ್ರ್ಯಾ? ಇದಕ್ಕ ನಾ ಹೇಳೂದು, ಶಾಂತಿ ಅಂದ್ರ..."

ಹೆಂಗಸರಿಬ್ಬರೂ ಒಟ್ಟಿಗೇ ಅವರತ್ತ ತಿರುಗಿದರು.

"ಇದನ್ನ ಊರಿಗೆಲ್ಲ ಡಂಗುರ ಸಾರಿದವ್ರು ಯಾರು?" ಎಂದರು ಇಂದ್ರಾಬಾಯಿ.

"ಫೋಟೋ ಕತ್ತರಿಸಿ ನನ್ನ ಮುಖಕ್ಕ ಮಸಿ ಹಚ್ಚಿದವ್ರು ಯಾರು?" ಎಂದರು ಲೀಲಾಬಾಯಿ.

"ಮಾಡಿದವ್ರು ಉಣಬೇಕು."

"ಉಣೂದಲ್ರೀ ಇಂದ್ರಕ್ಕ, ಉಣಸಬೇಕು."

ಯುಗಾದಿಯ ಮರುದಿನ ನವನಗರದ ಆ ಬೀದಿಯಲ್ಲಿ ಶಾಮಿಯಾನ ಎದ್ದಿತು. ಬೆಳಗಿನ ಐದರಿಂದ ಪಂಢರೀನಾಥರು ಟೊಂಕಕ್ಕೆ ಟವೆಲ್ಲು ಕಟ್ಟಿ ಹುಟ್ಟು ತಿರುವಿದರು. ಶಂಕ್ರಪ್ಪ ಒಲೆಗೆ ಕಟ್ಟಿಗೆ ಹಾಕಿದರು. "ನನ್ನ ಅಜ್ಜನ್ನ ಕತ್ತರಸ್ತಿಯೇನ್ಲೇ? ತಿರುವು" ಎಂದು ಆಗಾಗ ಹೇಳುತ್ತಲೂ ಇದ್ದರು. ಮುನ್ನೂರಾ ಎಪ್ಪತ್ತು ಮಂದಿ ಬಂದರು. ಇಳಕಲ್ಲಿನಿಂದ ತಬಸುಮ ಅಸಲು ಫೋಟೋಕ್ಕೆ ಕಟ್ಟು ಹಾಕಿಸಿ ತಂದಳು. ಯಾರು ಯಾರದೋ ಕೊರಳಿಗೆ ಬಿದ್ದು ಅತ್ತರು, ಅತ್ತು ಮುಗಿಸಿ ಎರಡನೇ ಸಲ ಹುಗ್ಗಿ ಹಾಕಿಸಿಕೊಂಡರು. ಐದು ಕೊಪ್ಪರಿಗೆ ಹುಗ್ಗಿ ತಳ ಕಂಡಿತು. ಇಷ್ಟು ಜನ ಒಂದೇ ಕಡೆ ಸಿಕ್ಕಾಗ ಬಿಡುವುದುಂಟೇ ಎಂದು ಪಂಢರೀನಾಥರು ಸೌಟು ಹಿಡಿದೇ ಕುರ್ಚಿ ಏರಿದರು. "ಬಂಧುಗಳೇ, ಯುದ್ಧ..." ಎನ್ನುವಷ್ಟರಲ್ಲಿ ಗಾಳೆಪ್ಪ ಎಲೆಯ ಮುಂದಿನಿಂದಲೇ ಕೂಗಿದ: "ಯಾರೂ ಯುದ್ಧ ಮಾಡಾಂಗಿಲ್ರೀ, ಈ ಸಾಲಿಗೆ ತುಪ್ಪ ಬರ್ಲಿ." ಪಂಢರೀನಾಥರು ಇಳಿದು ತುಪ್ಪ ಬಡಿಸಿದರು. ಜೀವನದಲ್ಲಿ ಅವರ ಮಾತಿಗೆ ಅಷ್ಟು ದೊಡ್ಡ ಸಭೆ ಒಕ್ಕೊರಲಿನಿಂದ ಒಪ್ಪಿದ್ದು ಅದೇ ಮೊದಲು.

ಸಂಜೆ ಗೆಳೆಯರಿಬ್ಬರೂ ಹುಣಸೆಹುಳಿ ಹಚ್ಚಿ ಕೊಪ್ಪರಿಗೆ ತಿಕ್ಕಿ, ಹೆಂಗಸರು ಹೇಳಿದಲ್ಲಿ ಬೋರಲು ಹಾಕಿದರು. ಆಮೇಲೆ ಪಂಢರೀನಾಥರು ಸೊಂಟ ಹಿಡಿದುಕೊಂಡು, ಗೆದ್ದ ಸೇನಾಪತಿಯ ಗತ್ತಿನಲ್ಲಿ, ಇನ್ನೂ ಬೆಳಕಿರುವಾಗಲೇ ಎಲ್ಲರೆದುರು ಮಾಸ್ತರರ ಕಟ್ಟೆಗೆ ನಡೆದರು. ಕಟ್ಟೆಯ ಮೇಲೆ ಲೀಲಾಬಾಯಿ, ಇಂದ್ರಾಬಾಯಿ ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದರು. ಇಬ್ಬರ ನಡುವೆ ಒಂದು ಬೆಕ್ಕು ಕೂರುವಷ್ಟೂ ಜಾಗವಿರಲಿಲ್ಲ.

"ಸ್ವಲ್ಪ ಸರೀರಿ, ನಾವೂ ಕೂಡ್ತೇವಿ" ಎಂದರು ಪಂಢರೀನಾಥರು.

"ಎಲ್ಲಿ ಕೂಡ್ತೀರಿ? ನಮ್ಮ ಇಪ್ಪತ್ತು ವರ್ಷದ ಮಾತು ಈಗಷ್ಟ ಸುರು ಆಗ್ಯಾವ" ಎಂದರು ಲೀಲಾಬಾಯಿ.

"ಯಾವಾಗ ಮುಗೀತಾವ?"

ಇಂದ್ರಾಬಾಯಿ ಬೆರಳು ಮಡಚಿ ಯೋಚಿಸಿದರು. "ಪಂಢರಣ್ಣ, ನೀವು ದೀಪಾವಳಿಗೆ ಖಾಯಂ ಬರ್ತೀರಲ್ಲ, ಇನ್ನ ನಾವು ದಿನಾ ಸಂಜಿಕ ಇಲ್ಲೇ ಕೂಡಬೇಕಂತ ಮಾಡೇವಿ. ಗಂಡಸರಿಗೆ ಬ್ಯಾರೆ ವ್ಯವಸ್ಥಾ ಐತಿ" ಎಂದು ಗೋಡೆಯಾಚೆ ತೋರಿಸಿದರು.

ಪಂಢರೀನಾಥರು ತಿರುಗಿ ನೋಡಿದರು. ಅವರದೇ ಅಂಗಳದ ನಡುಮಧ್ಯ ಕೊಪ್ಪರಿಗೆ ಬೋರಲು ಬಿದ್ದು ಫಳಫಳ ಹೊಳೆಯುತ್ತಿತ್ತು.

"ಅದು ಇನ್ನ ನಮ್ಮನ್ಯಾಗ, ಉಣಸೂದು ನೀವು. ನಾವಿಬ್ರೂ ಸಹಿ ಮಾಡೇವಿ" ಎಂದರು ಲೀಲಾಬಾಯಿ. "ಅದರ ಮ್ಯಾಲ ಕುಂತು ನೀವಿಬ್ರೂ ಲೆಕ್ಕ ಹಾಕ್ರಿ. ಮುಂದಿನ ಯುಗಾದೀದು ಬಿಟ್ಟು ಇನ್ನ ಹತ್ತೊಂಬತ್ತು ಊಟ ಬಾಕಿ ಅದಾವ."