ದೀಪ ಹಚ್ಚಿದ ಮೇಲೆ ಸುಣ್ಣ ತಿನ್ನುವ ಕೆಂಪು ಹೇಂಟೆಗೆ

ಚನ್ನಗಿರಿ,
೭ನೇ ಡಿಸೆಂಬರ್ ೧೯೭೮, ಗುರುವಾರ

ನಮ್ಮ ಹಿತ್ತಿಲ ಒಡತಿಯೂ, ತಿಪ್ಪೆಯ ಖಾಯಂ ಮೇಲ್ವಿಚಾರಕಿಯೂ, ಒಂದು ಹುಂಜದ ಯಜಮಾನಿಯೂ ಆದ ಕೆಂಪು ಹೇಂಟೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಾಲ್ಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಕೂತು ಹತ್ತೊಂಬತ್ತು ವರ್ಷಗಳಿಂದ ಊರವರ ಅರ್ಜಿ ಬರೆಯುತ್ತಿರುವ ಉಚ್ಚಂಗೆಪ್ಪನಾದ ನಾನು, ಸ್ವಂತಕ್ಕೆಂದು ಬರೆಯುತ್ತಿರುವ ಮೊದಲ ಅರ್ಜಿ ಇದು. ಅದನ್ನು ಒಂದು ಕೋಳಿಗೆ ಬರೆಯಬೇಕಾಯಿತಲ್ಲ ಎಂದು ನಾಚಿಕೆಯಾಗುತ್ತದೆ ನಿಜ, ಆದರೆ ಮುಂದಿಟ್ಟ ಕಾಗದವನ್ನು ಆ ಕ್ಷಣವೇ ತಲೆ ಓರೆ ಮಾಡಿ ನೋಡುವ ಅಧಿಕಾರಿ ಈ ಊರಿನಲ್ಲಿ ತಾವೊಬ್ಬರೇ ಇರುವುದರಿಂದ ಧೈರ್ಯ ಮಾಡಿದ್ದೇನೆ.

ದಸರೆ ಮುಗಿದದ್ದೇ ತಾವು ಚಿಪ್ಪಿಲ್ಲದ ಮೊಟ್ಟೆ ಇಡತೊಡಗಿದಿರಿ. ನಮ್ಮ ಮನೆಯಾಕೆ ದುರುಗಕ್ಕ ಅದನ್ನು ಬೊಗಸೆಯಲ್ಲಿ ಹಿಡಿದು ಅಡಿಗೆಮನೆ ಮುಟ್ಟುವಷ್ಟರಲ್ಲಿ ಅದು ಒಡೆದು ಸೀರೆಯ ಪಾಲಾಗುತ್ತಿತ್ತು. ಯಾರದೋ ಕಣ್ಣು ಬಿದ್ದಿದೆಯೆಂದು ಆಕೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಬಿಸಾಡಿದರೆ ತಾವು ಆ ಉಪ್ಪನ್ನೂ ಹೆಕ್ಕಿದಿರಿ. ಪಶುವೈದ್ಯರನ್ನು ವಿಚಾರಿಸಿದಾಗ "ಸುಣ್ಣದಂಶ ಸಾಲ್ದು ಕಣ್ರೀ, ಮೊಟ್ಟೆ ಚಿಪ್ಪು ಹುರಿದು ಕುಟ್ಟಿ ಹಾಕ್ರಿ" ಎಂದರು. ಚಿಪ್ಪೇ ಇಲ್ಲವೆಂದು ಹೋದವನಿಗೆ ಚಿಪ್ಪು ತಾ ಎನ್ನುವುದು, ಪ್ರಮಾಣಪತ್ರ ಕೇಳಲು ಬಂದವನಿಗೆ ಅದರದೇ ನಕಲು ಲಗತ್ತಿಸು ಎಂದ ಹಾಗೆ. ಕಚೇರಿ ಮುಂದೆ ಕೂತವನಿಗೆ ಇದೇನೂ ಹೊಸದಲ್ಲವಾದ್ದರಿಂದ ಸುಮ್ಮನೆ ಎದ್ದು ಬಂದೆ. ಶಾಲೆಯಿಂದ ಸೀಮೆಸುಣ್ಣ ಬೇಡಿ ತಂದೆ, ತಾವು ಅದನ್ನು ತುಳಿದುಕೊಂಡು ಹೋದಿರಿ. ಎಲೆಯಡಿಕೆ ಚೀಲದಿಂದ ನನ್ನ ಸುಣ್ಣದ ಡಬ್ಬಿಯನ್ನೇ ತೆಗೆದು ಮುಂದಿಟ್ಟೆ, ತಾವು ಅದರ ಮೇಲೆ ಹಿಕ್ಕೆ ಹಾಕಿದಿರಿ.

ಕೊನೆಗೆ ತಮ್ಮ ಮಹಾಬುದ್ಧಿಗೆ ತಾನಾಗಿಯೇ ಹೊಳೆದದ್ದು ಪಕ್ಕದ ಮನೆಯ ಅಡಿಕೆ ವ್ಯಾಪಾರಿ ಶಿವಮೂರ್ತಪ್ಪನವರ ಹಿತ್ತಿಲ ಗೋಡೆ. ದೀಪಾವಳಿಗೆ ಎರಡು ಕೈ ಸುಣ್ಣ ಬಳಿದ ಆ ಗೋಡೆಯನ್ನು ಕುಕ್ಕತೊಡಗಿದ ವಾರದಲ್ಲೇ ತಮ್ಮ ಮೊಟ್ಟೆ ಕಲ್ಲಿನಂತಾಯಿತು, ಅದಕ್ಕೆ ಅಭಿನಂದನೆಗಳು. ಆದರೆ ಹಗಲೆಲ್ಲ ಆ ಗೋಡೆಯತ್ತ ತಿರುಗಿಯೂ ನೋಡದ ತಾವು, ಹೊತ್ತು ಮುಳುಗಿ, ಶಿವಮೂರ್ತಪ್ಪನವರ ತಾಯಿ ಸಿದ್ದಲಿಂಗಮ್ಮನವರು ದೇವರ ಮುಂದೆ ದೀಪ ಹಚ್ಚಿದ ಮೇಲೆಯೇ ಅಲ್ಲಿಗೆ ದಯಮಾಡಿಸುತ್ತೀರಿ. ಚಿಪ್ಪು ಕಟ್ಟುವುದು ರಾತ್ರಿಯಾದ್ದರಿಂದ ಕೋಳಿಗೆ ಸುಣ್ಣದ ಹಸಿವು ಸಂಜೆಗೇ ಎಂದು ವೈದ್ಯರು ತಮ್ಮ ಪರ ವಾದಿಸಿದರು. ದೀಪ ಹಚ್ಚಿದ ಮೇಲೆ ಸುಣ್ಣ ಹೊರಗೆ ಹೋದರೆ ಲಕ್ಷ್ಮಿಯೂ ಅದರ ಹಿಂದೆಯೇ ಹೋಗುತ್ತಾಳೆಂದು, ಊಟ ಮುಗಿಸಿದ ಅಳಿಯನಿಗೂ ಎಲೆಗೆ ಸುಣ್ಣ ಕೊಡದೆ ಕಳಿಸಿದ ಮನೆ ಅದು ಎಂಬುದು ಆ ವೈದ್ಯರಿಗೇನು ಗೊತ್ತು?

"ಗೋಡೆ ಹೋದ್ರೆ ಬಳ್ಕೊಂತೀವಿ ದುರುಗಕ್ಕಾ, ದೀಪ ಹಚ್ಚಿದ ಮ್ಯಾಲೆ ದಿನಾ ಸುಣ್ಣ ಹೊರಗೆ ಹೋದ್ರೆ ಹೆಂಗೆ?" ಎಂದು ಸಿದ್ದಲಿಂಗಮ್ಮನವರು ಗೋಡೆಯಾಚೆಯಿಂದ ಹೇಳಿದರು. ಮರುದಿನದಿಂದ ಅವರ ಮನೆಯ ಮಜ್ಜಿಗೆ ನಿಂತಿತು. ಹನ್ನೊಂದು ವರ್ಷ ಒಂದು ದಿನವೂ ತಪ್ಪದೆ ಗೋಡೆಯ ಮೇಲಿಂದ ಬರುತ್ತಿದ್ದ ಮಜ್ಜಿಗೆ, ಮಾನ್ಯರೇ. ದುರುಗಕ್ಕ ಖಾಲಿ ತಂಬಿಗೆಯನ್ನು ಗೋಡೆಯ ಮೇಲಿಟ್ಟು, ಬಿಸಿಲೇರುವ ತನಕ ಕಾದು, ಹಾಗೆಯೇ ಒಳಗೆ ತಂದಳು. ನನಗೆ ನಿಜವಾಗಿ ಸಂಕಟವಾಯಿತು. ಆಕೆ ಅಳಲಿಲ್ಲ, "ಭಾನುವಾರ ನನ್ ತಮ್ಮ ಬರ್ತಾನೆ, ಸಾರು ಮಾಡಾಕೆ ಇದೊಂದು ಸಾಕು" ಎಂದು ತಮ್ಮನ್ನು ದಿಟ್ಟಿಸಿ ನೋಡಿದಳು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ ಏನೆಂದರೆ, ತಾವು ದೊಡ್ಡ ಮನಸ್ಸು ಮಾಡಿ ಚಿಪ್ಪು ಕಟ್ಟುವ ಕೆಲಸವನ್ನು ಹಗಲು ಪಾಳಿಗೆ ವರ್ಗಾಯಿಸಿಕೊಳ್ಳಬೇಕು. ಅದಾಗದಿದ್ದರೆ ಒಳಗಿನದನ್ನು ನಮ್ಮ ಮನೆಯಲ್ಲಿಟ್ಟು ಚಿಪ್ಪನ್ನು ಮಾತ್ರ ಶಿವಮೂರ್ತಪ್ಪನವರ ಗೋಡೆಗೆ ಮರಳಿ ಮೆತ್ತಿ ಬರಬೇಕು. ಅವರು ಮೊಟ್ಟೆ ಮುಟ್ಟುವವರಲ್ಲ, ಚಿಪ್ಪಾದರೆ ಅವರದೇ ಸುಣ್ಣ. ಇದೂ ಕಷ್ಟವೆಂದಾದರೆ, ದಿನಾ ಬೆಳಿಗ್ಗೆ ಸೂರ್ಯನನ್ನು ಕೂಗಿ ಕರೆಯುವ ತಮ್ಮ ಹುಂಜನವರ ಪ್ರಭಾವ ಬಳಸಿ, ಆ ಸೂರ್ಯ ಸಂಜೆ ಅರ್ಧ ಗಂಟೆ ತಡವಾಗಿ ಮುಳುಗುವಂತೆ ಆಜ್ಞೆ ಹೊರಡಿಸಬೇಕು.

ಇಷ್ಟು ಬರೆದು ಮುಗಿಸುವವನಿದ್ದೆ, ಆದರೆ ನಿನ್ನೆ ಸಂಜೆ ಕಂಡದ್ದನ್ನು ಹೇಳಲೇಬೇಕು. ಸಿದ್ದಲಿಂಗಮ್ಮನವರು ಬೆಂಕಿಕಡ್ಡಿ ಗೀರಿದವರು, ಹಿತ್ತಿಲ ಬಾಗಿಲಿನಿಂದ ತಮ್ಮನ್ನು ಕಂಡು ಹಾಗೆಯೇ ನಿಂತರು. ಕಡ್ಡಿ ಉರಿದು ಬೆರಳು ಸುಟ್ಟಿತು. ಇನ್ನೊಂದು ಗೀರಲಿಲ್ಲ. "ಜಲ್ದಿ ತಿನ್ನೇ ತಾಯಿ, ದೇವರು ಕಾಯ್ತಾ ಐತೆ" ಎಂದರು. ತಾವು ತಿಂದು, ಕೊಕ್ಕು ಒರೆಸಿಕೊಂಡು, ಗೂಡು ಸೇರಿದ ಮೇಲೆ ಆ ಮನೆಯಲ್ಲಿ ದೀಪ ಹತ್ತಿತು. ಇವತ್ತು ಬೆಳಿಗ್ಗೆ ಗೋಡೆಯ ಮೇಲೆ ತಂಬಿಗೆ ಬಂದಿತ್ತು, ಅರ್ಧ ಮಜ್ಜಿಗೆ. ಉಳಿದರ್ಧ ತಾವು ಇಂದು ಸಂಜೆ ಎಷ್ಟು ಬೇಗ ಹೋಗಿ ಬರುತ್ತೀರಿ ಎಂಬುದರ ಮೇಲೆ ನಿಂತಿದೆ.

ತಮ್ಮ ಕೊಕ್ಕಿನ ಕೃಪೆಯನ್ನೇ ನಂಬಿರುವ,
ತಮ್ಮ ವಿಶ್ವಾಸಿ,
ಉಚ್ಚಂಗೆಪ್ಪ

ತಾ.ಕ.: ಭಾನುವಾರದ ಸಾರು ಇನ್ನೂ ರದ್ದಾಗಿಲ್ಲ. ಹೊಳೆದಂಡೆಯಿಂದ ಒಂದು ಚೀಲ ಕಪ್ಪೆಚಿಪ್ಪು ಆರಿಸಿ ತಾ ಎಂದು ಅಂದು ಬರಲಿರುವ ಸಾಸ್ವೆಹಳ್ಳಿಯ ನನ್ನ ಭಾವಮೈದುನ ಧರ್ಮಪ್ಪನಿಗೆ ಗುಟ್ಟಾಗಿ ಕಾರ್ಡು ಹಾಕಿದ್ದೇನೆ. ತಂದರೆ ಚಿಪ್ಪು ತಮ್ಮದು. ಮರೆತು ಖಾಲಿ ಚೀಲ ಹಿಡಿದು ಬಂದರೆ, ಆತ ಅದನ್ನು ಖಾಲಿಯಾಗಿ ವಾಪಸ್ ಒಯ್ಯುವವನಲ್ಲ.