ಮಲ್ಲಿಕ್ ಒಯ್ದಿದ್ದ ಶೀಲ್ಡು

ಮಲ್ಲಿಕ್‌ನ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ, ಭದ್ರಾವತಿಯ ಆ ಮನೆಯಲ್ಲಿ ಮತ್ತೆ ಮಾಮೂಲಿನಂತೆ ಹಾಲು ಉಕ್ಕಿತು. ಸತ್ಯಭಾಮಾ ಒಲೆ ಒರೆಸುತ್ತಿದ್ದಾಗ ಪಕ್ಕದ ಮನೆಯ ಬಂಗಾರಮ್ಮ ಕಿಟಕಿಯಿಂದಲೇ ಕೂಗಿದರು. "ಸತ್ಯಾ, ನಿಂಗೆ ಫೋನು! ಶಿವಮೊಗ್ಗದ ಕಾಲೇಜಿಂದ. ಏನೋ ಶೀಲ್ಡಂತೆ!"

ಫೋನಿನಲ್ಲಿ ಉಪನ್ಯಾಸಕ ನರಸಿಂಹಮೂರ್ತಿ ತಡವರಿಸುತ್ತಿದ್ದರು. ಹೋದ ವರ್ಷ ಚರ್ಚಾಸ್ಪರ್ಧೆಯಲ್ಲಿ ಅವಳ ಗಂಡ ಮಲ್ಲಿಕ್ ಗೆದ್ದ ರೋಲಿಂಗ್ ಶೀಲ್ಡು. "ಅಮ್ಮನಿಗೆ ತೋರಿಸಿ ಎರಡೇ ದಿನದಲ್ಲಿ ತರ್ತೀನಿ" ಎಂದು ಒಯ್ದಿದ್ದನಂತೆ. ಈ ವರ್ಷದ ಸ್ಪರ್ಧೆ ಇವತ್ತೇ. "ಮೇಜಿನ ಮೇಲೆ ಶೀಲ್ಡ್ ಇಲ್ದಿದ್ರೆ ಹುಡುಗರು ಏನೇನೋ ಅಂತಾರಮ್ಮ..."

ಏನನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಮಲ್ಲಿಕ್ ಹೊಡ್ಕೊಂಡು ಹೋದ ಅನ್ನುತ್ತಾರೆ. ಸತ್ತವನು ಎದ್ದುಬಂದು ಉತ್ತರ ಕೊಡುವಂತಿಲ್ಲ.

ಶೀಲ್ಡು ದೇವರ ಮನೆಯಲ್ಲಿತ್ತು. ಅತ್ತೆ ಮಹಾಂತಮ್ಮ ಅದಕ್ಕೆ ದಿನಾ ವಿಭೂತಿ ಬಳಿಯುತ್ತಿದ್ದರು.

"ನಿನ್ನೆ ತಾನೆ ಎಲ್ಲಾ ಮುಗಿದಿದೆ, ಇವತ್ತೇ ಹೊಸ್ತಿಲು ದಾಟೋದಾ?" ಎಂದರು ಬಂಗಾರಮ್ಮ.

"ಅವಳು ದಾಟದಿದ್ರೆ ನೀನು ಹೊತ್ಕೊಂಡು ಹೋಗ್ತೀಯಾ ಮಾರಾಯ್ತಿ?" ಎಂದು ಮಹಾಂತಮ್ಮ ಶೀಲ್ಡನ್ನು ದುಪ್ಪಟಿಯಲ್ಲಿ ಸುತ್ತಿಕೊಟ್ಟರು.

ಅದು ಮೊರದಷ್ಟು ಅಗಲ. ಮುನಿಸಿಕೊಂಡ ಬೀಗರ ಹಾಗೆ ಎಲ್ಲಿ ಕೂರಿಸಿದರೂ ಸರಿಯಾಗಿ ಕೂರುತ್ತಿರಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಹಾಲಸ್ವಾಮಿ, "ಅಕ್ಕಾ, ಆ ಬಾಗಿಲು ಸ್ವಲ್ಪ ಆಚೆ ಸರಿಸಿ" ಎಂದು ತಳ್ಳಿದ ರಭಸಕ್ಕೆ ದುಪ್ಪಟಿ ಜಾರಿತು. ಶೀಲ್ಡು ಥಳಥಳ ಹೊಳೆಯಿತು. ಪಕ್ಕದ ಸೀಟಿನ ಮುದುಕ ಪುಟ್ಟಣ್ಣ ಎದ್ದೇ ನಿಂತರು.

"ನೀನು ಗೆದ್ದಿದ್ದಾ ತಾಯಿ? ನಮ್ಮ ಮೊಮ್ಮಗಳಿಗೆ ಒಂದು ಮಾತು ಹೇಳಿಬಿಡು. ಸೈನ್ಸ್ ತಗೊಳ್ಳೋದಾ, ಆರ್ಟ್ಸ್ ತಗೊಳ್ಳೋದಾ?"

"ಅವಳನ್ನೇ ಕೇಳಿ" ಎಂದಳು ಸತ್ಯಭಾಮಾ.

"ನೋಡ್ರಪ್ಪಾ, ಶೀಲ್ಡ್ ಗೆದ್ದೋರ ಮಾತೇ ಬೇರೆ!" ಬಸ್ಸಿಗೆ ಬಸ್ಸೇ ತಲೆದೂಗಿತು.

ಅವಳು ಕಾಲೇಜಿನ ಸಭಾಂಗಣಕ್ಕೆ ಓಡಿಬಂದು ವೇದಿಕೆಯ ಮೆಟ್ಟಿಲು ಹತ್ತುವುದಕ್ಕೂ, ಮೈಕಿನಲ್ಲಿ "ಸ್ಪರ್ಧಿ ನಂಬರ್ ಒಂದು, ಎಲ್ಲಿದ್ದೀರಿ?" ಎಂದು ಕೂಗುವುದಕ್ಕೂ ಸರಿಹೋಯಿತು. ಯಾರೋ ಅವಳನ್ನು ಮೈಕಿನ ಮುಂದೆ ನಿಲ್ಲಿಸಿದರು. ಹಿಂದಿನ ಬ್ಯಾನರಿನಲ್ಲಿ ಚರ್ಚೆಯ ವಿಷಯ: ವೃತ್ತಿಯ ಆಯ್ಕೆಗೆ ಸ್ಪರ್ಧೆಗಳು ಧೈರ್ಯ ಕೊಡುತ್ತವೆಯೇ?

"ನಾನು ಇದನ್ನ ವಾಪಸ್ ಕೊಡೋಕೆ ಬಂದೆ" ಎಂದಳು. ಸಭೆ ನಕ್ಕಿತು.

"ನಮ್ಮ ಯಜಮಾನ್ರು ಮಲ್ಲಿಕ್ ಒಯ್ದಿದ್ರು. ಕದಿಯೋಕಲ್ಲ, ಅಮ್ಮನಿಗೆ ತೋರಿಸೋಕೆ. ಬಹುಮಾನ ಬಂದಾಗಲೆಲ್ಲ ಅವರಿಗೊಂದು ಹೊಸ ಕೆಲಸ ಹೊಳೀತಿತ್ತು. ಚರ್ಚೆ ಗೆದ್ರೆ ವಕೀಲರು, ಕ್ವಿಜ್ ಗೆದ್ರೆ ಐಎಎಸ್. ಏಕಪಾತ್ರಾಭಿನಯಕ್ಕೆ ಸಮಾಧಾನಕರ ಬಹುಮಾನ ಬಂತು. ಎರಡು ವಾರ ನಮ್ಮನೇಲಿ ಸಿನಿಮಾ ಹೀರೋ ಇದ್ರು. ಅಡುಗೆ ಸ್ಪರ್ಧೆಗೆ ನಾನೇ ಬಿಡ್ಲಿಲ್ಲ, ಹೋಟ್ಲು ತೆಗೆದುಬಿಡ್ತಿದ್ರು."

ನಗು ಅಡಗುವವರೆಗೆ ಕಾದಳು.

"ಯಾವ್ದೂ ಆಗೋಕೆ ಟೈಮ್ ಸಿಗ್ಲಿಲ್ಲ. ಆದ್ರೆ ಯಾವ್ದಕ್ಕೂ ಹೆದರ್ಲಿಲ್ಲ. ನಾನು ಎಂ.ಎ. ಎರಡನೇ ವರ್ಷ. ಒಂದು ವೇದಿಕೇನೂ ಹತ್ತಿದೋಳಲ್ಲ. ಮುಂದೇನು ಅಂತ ಕೇಳಿದ್ರೆ ನೆಲ ನೋಡ್ತಿದ್ದೆ. ಇವತ್ತು ಹೇಳ್ತೀನಿ. ಪಾಠ ಹೇಳ್ತೀನಿ. ಕಾಲೇಜಿನಲ್ಲೇ."

ಸಮಯ ಮುಗಿದ ಗಂಟೆ ಹೊಡೆಯಿತು. ಶೀಲ್ಡನ್ನು ಮೇಜಿನ ಮೇಲಿಟ್ಟು ಅವಳು ತಲೆಯೆತ್ತಿಕೊಂಡೇ ಇಳಿದಳು. ಮಲ್ಲಿಕ್ ಹೆಸರಿಗೆ ಚಪ್ಪಾಳೆ ಬಿದ್ದಿತ್ತು. ಇನ್ನು ಬರಿಗೈಯಲ್ಲಿ ಬಸ್ಸು ಹತ್ತುವುದಷ್ಟೇ ಬಾಕಿ.

ಆದರೆ ನರಸಿಂಹಮೂರ್ತಿ ಊಟ ಮಾಡಿಸದೆ ಕಳಿಸಲಿಲ್ಲ. ಊಟ ಮುಗಿಯುವಷ್ಟರಲ್ಲಿ ಫಲಿತಾಂಶ ಬಂತು. ಪ್ರಥಮ, ಸ್ಪರ್ಧಿ ನಂಬರ್ ಒಂದು. ನಿಜವಾದ ಒಂದನೇ ನಂಬರಿನ ಹುಡುಗ ಬಂದೇ ಇರಲಿಲ್ಲ.

"ಶೀಲ್ಡ್ ಹಿಡ್ಕೊಂಡೇ ವೇದಿಕೆ ಹತ್ತಿದ್ಲಲ್ರೀ!" ತೀರ್ಪುಗಾರರಿಗೆ ಬೆರಗೋ ಬೆರಗು. "ಎಂಥಾ ಆತ್ಮವಿಶ್ವಾಸ!"

ಸತ್ಯಭಾಮಾ ಕಂಗಾಲಾದಳು. "ಸಾರ್, ನಾನು ಇದನ್ನ ಕೊಟ್ಟುಹೋಗೋಕೆ ಬಂದಿದ್ದು!"

"ಕೊಟ್ಟೆಯಲ್ಲ ತಾಯಿ, ಎಲ್ಲರೂ ನೋಡಿದ್ರು. ಮಲ್ಲಿಕ್ ಒಯ್ದಿದ್ದು ವಾಪಸ್ ಬಂತು" ಎಂದು ನರಸಿಂಹಮೂರ್ತಿ ಎರಡೂ ಕೈಯಲ್ಲಿ ಶೀಲ್ಡನ್ನೆತ್ತಿ ಅವಳ ಮುಂದೆ ಚಾಚಿದರು. "ಇದು ನಿಂದು. ಗಟ್ಟಿಯಾಗಿ ಹಿಡಿ, ಭಾರ ಇದೆ."