ಯಾರ ಕೆಲಸಕ್ಕೂ ಬಾರದ ಬಳ್ಳಿ

ನಾನು ಜಿಪುಣಿಯಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಸಾಲಿನಲ್ಲಿ ವಿಚಾರಿಸಿದರೆ ನಿಮಗೆ ಬೇರೆಯೇ ಉತ್ತರ ಸಿಗುತ್ತದೆ. ಯಾರು ಸಕ್ಕರೆ ಕೇಳಿದರೂ ಕೊಡುತ್ತೇನೆ. ಗ್ಯಾಸ್ ಮುಗಿಯಿತೆಂದರೆ ನಮ್ಮ ಸಿಲಿಂಡರನ್ನೇ ಉರುಳಿಸಿ ಕಳಿಸುತ್ತೇನೆ. ಕಾಲುವೆ ಕಚೇರಿಯಲ್ಲಿ ನನ್ನ ಮೇಜಿನ ಪೆನ್ನು ಇಡೀ ಸೆಕ್ಷನ್ನಿನ ಆಸ್ತಿ. ಆದರೆ ಇಷ್ಟೆಲ್ಲ ಕೊಟ್ಟ ಮೇಲೆ, ಯಾರಿಗೂ ಎಳ್ಳಷ್ಟೂ ಉಪಯೋಗವಿಲ್ಲದ ಒಂದೇ ಒಂದು ವಸ್ತು ನನ್ನದು ಅಂತ ಇರಬೇಕು ಎಂಬುದು ನನ್ನ ಹಠ. ಆ ಹಠದ ಹೆಸರು ಐವಿ ಬಳ್ಳಿ.

ಹಠ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮ ಅಂಗಳದಲ್ಲಿ ಒಂದು ದಾಸವಾಳವಿದೆ. ಅದರ ಹೂವು ಇದುವರೆಗೂ ನನ್ನ ದೇವರ ಮುಖ ಕಂಡಿಲ್ಲ. ಬೆಳಗಿನ ವಾಕಿಂಗಿಗೆ ಹೊರಟವರೆಲ್ಲ ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಕೋಲು ಹಿಡಿದೇ ಬರುತ್ತಾರೆ. ನಾನು ಬಾಗಿಲು ತೆರೆದು ಮುಖ ತೋರಿಸಿದರೆ, ಕೊಂಬೆ ಬಗ್ಗಿಸಿಕೊಂಡೇ "ದೇವ್ರಿಗ್ರೀ" ಎನ್ನುತ್ತಾರೆ. ದೇವರ ಹೆಸರು ಬಂದ ಮೇಲೆ ನಾನೇನು ಹೇಳಲಿ? "ಹರ್ಕೊಳ್ರಿ" ಎಂದು ನಗುತ್ತೇನೆ. ನನ್ನ ದೇವರಿಗೆ ಹೊಸಪೇಟೆ ಮಾರ್ಕೆಟ್ಟಿನಿಂದ ಸೇವಂತಿಗೆ ತರುತ್ತೇನೆ. ತುಳಸಿ ಕೆಮ್ಮು ಬಂದವರ ಪಾಲು. ಕರಿಬೇವು ಪಕ್ಕದ ಮನೆಯ ಶಾಂತಮ್ಮಕ್ಕನ ಪಾಲಾಗಿತ್ತು. ಅವರು ಒಲೆಯ ಮೇಲೆ ಎಣ್ಣೆ ಕಾಯಲು ಇಟ್ಟು ಆಮೇಲೆ ನಮ್ಮ ಗೇಟು ತೆರೆಯುತ್ತಿದ್ದವರು. ಮೂರು ವರ್ಷದ ಹಿಂದೆ ಅಮೃತಬಳ್ಳಿ ಹಬ್ಬಿಸಿದೆ. ಅದು ಶುಗರಿಗೆ ಭಾರಿ ಒಳ್ಳೆಯದೆಂದು ಯಾರೋ ಮೊಬೈಲಿನಲ್ಲಿ ಹೇಳಿದರಂತೆ. ಎರಡೇ ದಿನದಲ್ಲಿ ಬಳ್ಳಿ ಹೋಗಿ ಅದಕ್ಕೆ ಕಟ್ಟಿದ್ದ ಹಗ್ಗ ಉಳಿಯಿತು. ಮೂರನೆಯ ದಿನ ಹಗ್ಗವೂ ಇರಲಿಲ್ಲ.

ಅವತ್ತೇ ತೀರ್ಮಾನಿಸಿದೆ. ಇನ್ನು ಬೆಳೆಸಿದರೆ ದೇವರಿಗೂ ಬೇಡದ, ಅಡುಗೆಗೂ ಬೇಡದ, ಔಷಧಕ್ಕೂ ಬೇಡದ ಗಿಡವನ್ನೇ ಬೆಳೆಸಬೇಕು. ಅಂಥದ್ದು ಸಿಕ್ಕಿದ್ದು ಹಂಪಿ ಕಡೆಯ ಒಂದು ರೆಸಾರ್ಟಿನಲ್ಲಿ, ಸಹೋದ್ಯೋಗಿಯ ಮಗಳ ಆರತಕ್ಷತೆಗೆ ಹೋದಾಗ. ನೆರಳಿನ ಗೋಡೆಯೊಂದನ್ನು ಕಡು ಹಸಿರು ಬಳ್ಳಿ ಅಂಗೈ ಬಿಡಿಸಿದಂಥ ಎಲೆಗಳಿಂದ ಅಪ್ಪಿಕೊಂಡು ನಿಂತಿತ್ತು. ಅಲ್ಲಿನ ಮಾಲಿಯನ್ನು ಕೇಳಿದೆ.

"ಇದು ಹೂ ಬಿಡ್ತೈತೇನಪ್ಪ?"

"ನಾ ಬಂದು ನಾಕು ವರ್ಷ ಆತ್ರಿ, ಒಂದೂ ನೋಡಿಲ್ಲ."

"ಎಲಿ ತಿಂತಾರೇನು?"

"ಅಯ್ಯ, ತಿಂದ್ರ ವಾಂತಿ ಆಗ್ತೈತ್ರಿ. ಚಂದಕ್ಕಷ್ಟ ಐತ್ರಿ ಇದು."

ನನ್ನ ಮದುವೆಯ ಮಾತುಕತೆಯಲ್ಲೂ ಇಷ್ಟು ಸಂತೋಷ ಪಟ್ಟಿರಲಿಲ್ಲ. ಒಂದು ತುಂಡು ಕೊಡೆಂದರೆ ಆತ ಮ್ಯಾನೇಜರ್ ಬಯ್ಯುತ್ತಾರೆಂದು ಪೈಪು ಎಳೆದುಕೊಂಡು ಆ ಕಡೆ ಹೋದ. ಆತ ತಿರುಗುವಷ್ಟರಲ್ಲಿ ಒಂದು ಗೇಣು ಬಳ್ಳಿ ನನ್ನ ವ್ಯಾನಿಟಿ ಬ್ಯಾಗಿನಲ್ಲಿತ್ತು. ಹೌದು, ಮುರಿದುಕೊಂಡೆ. ಇಷ್ಟು ವರ್ಷ ಇಡೀ ಊರಿಗೆ ಮುರಿಯಲು ಬಿಟ್ಟವಳು ಒಮ್ಮೆ ಮುರಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ನೀರಿನ ಬಾಟಲಿಯಲ್ಲಿ ಇಟ್ಟಿದ್ದ ತುಂಡು ಮೂರು ವಾರಕ್ಕೆ ಬೇರು ಬಿಟ್ಟಿತು. ಇದಕ್ಕೆ ಬೇಕಾದ್ದು ತಂಪು ನೆರಳು. ನಮ್ಮ ಮನೆಯ ಉತ್ತರದ ಗೋಡೆಗೆ ಬೇವಿನ ಮರದ ದೆಸೆಯಿಂದ ವರ್ಷವಿಡೀ ಬಿಸಿಲಿಲ್ಲ. ಆದರೆ ಅದೇ ಗೋಡೆಯ ಬುಡದಲ್ಲಿ ಕರಿಬೇವಿನ ಗಿಡವಿತ್ತು. ಒಗ್ಗರಣೆಗೆ ಓಡಿ ಬರುವವರ ಕಾಲಡಿ ಐವಿ ಬದುಕುವುದು ಸಾಧ್ಯವೇ ಇರಲಿಲ್ಲ. ಒಂದು ಭಾನುವಾರ ಆಳು ಕರೆಸಿ ಕರಿಬೇವನ್ನು ಬುಡಸಮೇತ ತೆಗೆಸಿಬಿಟ್ಟೆ.

ಅತ್ತೆಗೆ ಇದನ್ನು ಸಹಿಸಲಾಗಲಿಲ್ಲ. ಅವರು ಮೆಟ್ರಿ ಎಂಬ ಹಳ್ಳಿಯವರು. ನೀರು ಹರಿದಲ್ಲೆಲ್ಲ ಭತ್ತ, ಬಾಳೆ ಹಚ್ಚಿ ಬದುಕಿದವರು. ಮೊಣಕಾಲು ಸೋತ ಮೇಲೆ ನಮ್ಮಲ್ಲಿಗೆ ಬಂದಿದ್ದಾರೆ. ಬಂದ ಮೇಲೂ ಅಕ್ಕಿ ಆರಿಸುವುದು, ಹುಣಸೆ ಬಿಡಿಸುವುದು ಬಿಟ್ಟಿಲ್ಲ.

"ನಾಳಿಂದ ಒಗ್ಗರಣಿಗೆ ಏನು ಹಾಕ್ತೀಯವ್ವಾ? ಇದನ್ನ ಹಾಕ್ತೀಯೇನು?" ಎಂದರು.

"ಇದನ್ನ ಹಾಕಿದ್ರ ವಾಂತಿ ಆಗ್ತೈತ್ರೀ ಅತ್ತಿ."

"ಹಂಗಂದ್ರ ಯಾತಕ್ಕ ಬರ್ತೈತಿ?"

"ಯಾತಕ್ಕೂ ಬರಂಗಿಲ್ರೀ. ಅದಕ್ಕ ಹಚ್ಚೀನಿ."

ಅತ್ತೆ ನಾಲ್ಕು ದಿನ ನನ್ನೊಂದಿಗೆ ಮಾತು ಬಿಟ್ಟರು. ವಡ್ಡು ಊರಿನ ಕಡೆಯ ಕಾರ್ಖಾನೆಯಲ್ಲಿ ಶಿಫ್ಟು ಮಾಡುವ ನಮ್ಮವರು ಮಾತ್ರ ಸಮಾಧಾನವಾಗಿಯೇ ಹೇಳಿದರು: "ಈ ಬಿಸಲಾಗ ನಾವ ಬಾಡ್ತೀವಿ. ಅದು ಏಪ್ರಿಲ್ ದಾಟಂಗಿಲ್ಲ ಬಿಡು." ಇದು ಸಮಾಧಾನದ ಮಾತೆಂದು ಅವರು ಇಂದಿಗೂ ನಂಬಿದ್ದಾರೆ.

ದಾಟಿಸಿದೆ. ಹೇಗೆ ದಾಟಿಸಿದೆ ಎಂದು ಕೇಳಬೇಡಿ, ಕೇಳಿದರೆ ಹೇಳುವುದನ್ನು ನಿಲ್ಲಿಸುವುದಿಲ್ಲ. ದಿನಕ್ಕೆ ಮೂರು ಸಲ ನೀರು ಚಿಮುಕಿಸಿದೆ. ಗೋಡೆಯ ಮಗ್ಗುಲಿಗೆ ಒದ್ದೆ ಗೋಣಿಚೀಲ ಕಟ್ಟಿದೆ. ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳು ಬೀಸುವ ಗಾಳಿಯಲ್ಲಿ ಇಲ್ಲಿಯವರೆಗೂ ಬರುತ್ತದೆ. ಹಳೆಯ ಪಂಚೆಯ ತುಂಡು ನೆನೆಸಿ ಒಂದೊಂದೇ ಎಲೆ ಒರೆಸಿದೆ. ನಮ್ಮವರ ಸ್ಕೂಟರನ್ನು ನಾನು ಒಂದು ದಿನವೂ ಹಾಗೆ ಒರೆಸಿದ್ದಿಲ್ಲ, ಅದನ್ನವರು ನೆನಪಿಸಿಯೂ ನೋಡಿದರು. ಮೇ ತಿಂಗಳಲ್ಲಿ ಅರ್ಧ ಎಲೆ ಉದುರಿದಾಗ ಬಚ್ಚಲಲ್ಲಿ ನಿಂತು ಅತ್ತದ್ದೂ ಉಂಟು. ಮಳೆ ಬಿದ್ದ ಮೇಲೆ ಅದು ಗೋಡೆಯ ಕಲ್ಲಿಗೆ ಸಣ್ಣ ಬೇರು ಕಚ್ಚಿಸಿ ಏರಿತು. ಎರಡನೆಯ ವರ್ಷಕ್ಕೆ ಗೋಡೆಯ ಅರ್ಧ ಹಸಿರಾಯಿತು. ವಾಕಿಂಗಿನವರು ಕೋಲು ಹಿಡಿದು ಬಂದು ನೋಡಿದರು, "ಇದು ದೇವ್ರಿಗೆ ಬರ್ತೈತೇನ್ರಿ?" ಎಂದರು. "ಬರಂಗಿಲ್ರೀ" ಎಂದು ಹೇಳುವಾಗ ನನಗಾದ ಸುಖವನ್ನು ಯಾವ ದೇವರೂ ಕೊಟ್ಟಿರಲಿಲ್ಲ. ಅವರು ಮುಂದೆ ನಡೆದರು. ಅಷ್ಟರಲ್ಲಿ ಅತ್ತೆ ಕೂಡ ಮಧ್ಯಾಹ್ನದ ಸೆಕೆಗೆ ಕುರ್ಚಿಯನ್ನು ಆ ಗೋಡೆಯ ಬಳಿಗೇ ಎಳೆಸಿಕೊಳ್ಳತೊಡಗಿದ್ದರು. ತಂಪು ಇದೆ ಅಂತಷ್ಟೇ, ಬಳ್ಳಿಯ ವಿಚಾರ ಎತ್ತುತ್ತಿರಲಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ಶಾಂತಮ್ಮಕ್ಕ ಕತ್ತರಿ ಸಮೇತ ಬಂದರು. ಅವರ ಮಗಳಿಗೆ ಏಳು ತಿಂಗಳು ತುಂಬಿತ್ತು, ಮರುದಿನ ಕುಬಸ, ಅಂದರೆ ಸೀಮಂತ.

"ಸುಜಾತಾ, ಕುರ್ಚಿ ಹಿಂದ ಈ ಬಳ್ಳಿ ಇಳಿಬಿಟ್ರ ಫೋಟೋ ಮಸ್ತ್ ಬರ್ತಾವಂತ. ಎಲ್ಲಾ ಬ್ಯಾಡ, ಈ ಮ್ಯಾಲಿಂದಷ್ಟ ಕೊಡು."

ಮೇಲಿನದಷ್ಟೇ ಅಂದರೆ ನನ್ನ ಎರಡು ವರ್ಷದ ಆರೈಕೆ.

"ಇದನ್ನ ಕೊಡಂಗಿಲ್ರೀ ಶಾಂತಮ್ಮಕ್ಕ" ಎಂದೆ. ಅಂದದ್ದು ನಾನೇನಾ ಎಂದು ನನಗೇ ಅನುಮಾನವಾಯಿತು.

"ಬಸುರಿ ಹೆಣ್ಮಗಳ ಸಲುವಾಗಿ ಕೇಳಾಕತ್ತೀನವ್ವಾ. ಹೂವಲ್ಲ, ಕಾಯಲ್ಲ. ಕೆಲಸಕ್ಕ ಬಾರದ ಎಲಿ ಕೊಡಾಕೂ ಇಷ್ಟು ಬಿಗಿ ಹಿಡಿದ್ರ ಹೆಂಗ?"

ಬಸುರಿಯ ಹೆಸರೆತ್ತಿದ್ದೇ ನನ್ನ ವೀರಾವೇಶ ಜರ್ರನೆ ಇಳಿಯಿತು. ದೇವರು, ಕೆಮ್ಮು, ಶುಗರು, ಈಗ ಬಸುರಿ. ಕತ್ತರಿ ಇಸಿದುಕೊಳ್ಳಲು ನಾನು ಕೈ ಚಾಚಿಯೂ ಬಿಟ್ಟಿದ್ದೆ. ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಆಗ ಗೋಡೆಯ ಬಳಿಯ ಕುರ್ಚಿಯಿಂದ ಅತ್ತೆಯ ದನಿ ಬಂತು.

"ಶಾಂತವ್ವಾ, ಕತ್ತರಿ ಒಳಗ ಇಡು."

"ಅಯ್ಯ ಈರಮ್ಮತ್ತಿ, ನೀವ ಅಂದಿದ್ರಿ ಯಾತಕ್ಕೂ ಬಾರದ್ದು ಅಂತ."

"ಅಂದಿದ್ದೆ. ನನಗ ತಿಳುವಳಿಕಿ ಬಂದಾಗಿಂದ ಯಾರು ಕರದ್ರೂ ಎದ್ದು ಹೋಗೀನಿ. ಗದ್ದಿ ಕರೀತು, ದನ ಕರದ್ವು, ಮಕ್ಕಳು ಕರದ್ವು. ಒಂದು ದಿನ ಸುಮ್ಮನ ಕುಂತಾಕಿ ಅಲ್ಲ. ಈ ಮನಿಯಾಗ ಇದೊಂದಾದ್ರೂ ಕುಂತಿರಲಿ ಬಿಡು."

ಶಾಂತಮ್ಮಕ್ಕ ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು. ನನ್ನ ಎರಡು ವರ್ಷದ ಹಠದ ಅರ್ಥ ಅತ್ತೆಯ ಬಾಯಲ್ಲಿ ಕೇಳಿ ನನಗೆ ಅಳು ಬಂತು. ಅದನ್ನು ತೋರಿಸಲಾರದೆ "ಚಾ ಮಾಡ್ಲೇನ್ರಿ?" ಎಂದೆ. "ಮಾಡು" ಎಂದರು. ಹುಣಸೆಹಣ್ಣಿನ ಬುಟ್ಟಿ ಅವರ ಪಕ್ಕದಲ್ಲೇ ಇತ್ತು, ಆವತ್ತು ಅವರು ಅದನ್ನು ಮುಟ್ಟಲಿಲ್ಲ.

ಹೀಗೆ ಗೆದ್ದೆ. ಗೆದ್ದವರೂ ಚಿತ್ರಾನ್ನ ತಿನ್ನಬೇಕಲ್ಲ! ಕರಿಬೇವು ಕೀಳಿಸಿದ ದಿನವೇ ಅದರ ಬೇರಿನಿಂದ ಎದ್ದಿದ್ದ ಮರಿಯೊಂದನ್ನು ಶಾಂತಮ್ಮಕ್ಕ ಒಯ್ದು ತಮ್ಮ ಗೇಟಿನ ಒಳಗೆ ನೆಟ್ಟಿದ್ದರು. ಈಗದು ನನ್ನ ಭುಜದೆತ್ತರ ಬೆಳೆದಿದೆ. ಕುಬಸ ಮುಗಿದ ಮೂರನೆಯ ದಿನ, ಒಲೆಯ ಮೇಲೆ ಎಣ್ಣೆ ಇಟ್ಟು ಅವರ ಗೇಟಿನ ಮುಂದೆ ನಿಂತೆ. ಶಾಂತಮ್ಮಕ್ಕ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ನೀ ಮುರೀಬ್ಯಾಡ, ನಾನ ಹರದು ಕೊಡ್ತೀನಿ" ಎಂದು ಒಂದೇ ಒಂದು ಕಡ್ಡಿ ಹರಿದು ಕೈಗಿಟ್ಟರು. ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು, ಅವರು ಆ ಕಡೆ ತಿರುಗಿದರು. ನಾನು ಇನ್ನೂ ಎರಡು ಕಡ್ಡಿ ಮುರಿದು ಸೆರಗಿನಡಿ ಸೇರಿಸಿದೆ. ನಮ್ಮ ಗಿಡದ್ದೇ ಮರಿ ತಾನೇ? ಕಿಟಕಿಯಿಂದ ಅವರು ಇಣುಕಿದ್ದು ಕಂಡಿತು. ನಾನೇನೂ ಹೆದರಲಿಲ್ಲ. ತಲೆಯೆತ್ತಿ, ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದೆ:

"ದೇವ್ರಿಗ್ರೀ!"